ಅಳಿಸಿದ್ದು ಯಾಕೆ ಅಂತ ಬರೆದವರಿಗೆ ಹೇಳಲೇಬೇಕು

ಈಲಾನ್ ಮಸ್ಕ್ ಕಂಪನಿ ಒಂದು ಕಡೆ, ಕೇಂದ್ರ ಸರ್ಕಾರ ಇನ್ನೊಂದು ಕಡೆ. 2025ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಇಬ್ಬರೂ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಹೋರಾಡಿದರು. ಸೆಪ್ಟೆಂಬರ್ 24ಕ್ಕೆ ತೀರ್ಪು ಬಂತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿ ವಜಾ ಮಾಡಿದರು. ಆವತ್ತು ಇಲ್ಲಿ ಎರಡೇ ಥರದ ಪೋಸ್ಟ್ ನೋಡಿದೆ. ವಿದೇಶಿ ಕಂಪನಿಗೆ ಸರಿಯಾದ ಪಾಠ ಆಯ್ತು ಅಂತ ಕೆಲವರು. ವಾಕ್ ಸ್ವಾತಂತ್ರ್ಯಕ್ಕೆ ಕೊಡಲಿ ಪೆಟ್ಟು ಬಿತ್ತು ಅಂತ ಇನ್ನು ಕೆಲವರು. ನನ್ನ ಮಾತು ಇವೆರಡರ ಜೊತೆಗೂ ಹೊಂದೋದಿಲ್ಲ. ಅದನ್ನು ಬಿಡಿಸಿ ಹೇಳೋಕೆ ಸ್ವಲ್ಪ ಜಾಗ ಬೇಕು, ಹಾಗಾಗಿ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಜಗಳ ಇದ್ದದ್ದು 'ಸಹಯೋಗ್' ಅನ್ನೋ ಪೋರ್ಟಲ್ ಬಗ್ಗೆ. ಕೇಂದ್ರ ಗೃಹ ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ಕೇಂದ್ರದ ಇಲಾಖೆಗಳು, ರಾಜ್ಯಗಳ ಪೊಲೀಸರು, ಇವರೆಲ್ಲ ಈ ಪೋರ್ಟಲ್ ಮೂಲಕ ಕಂಪನಿಗೆ ನೇರವಾಗಿ 'ಈ ಪೋಸ್ಟ್ ತೆಗೆಯಿರಿ' ಅಂತ ನೋಟಿಸ್ ಕಳಿಸಬಹುದು.

ಮೊದಲು ತೆಗೆಸೋಕೆ ದಾರಿ ಇರಲಿಲ್ವಾ ಅಂದರೆ, ಇತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಹೀಗೆ ಇಂತಿಂಥ ಕಾರಣಕ್ಕೆ ಮಾತ್ರ ತೆಗೆಸಬಹುದು ಅಂತ ಅದರಲ್ಲೇ ಬರೆದಿದೆ. ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಸಮಿತಿಯೊಂದು ಕೂತು ನೋಡಬೇಕು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ ಆನ್‌ಲೈನ್‌ನಲ್ಲಿ ಇನ್ನೊಬ್ಬರಿಗೆ ಕಿರಿಕಿರಿಯಾಗೋ ಹಾಗೆ ಬರೆದರೆ ಜೈಲು ಅನ್ನುತ್ತಿದ್ದ 66ಎ ಕಲಂ ಅನ್ನು ಕಿತ್ತು ಹಾಕಿದಾಗಲೂ ಈ 69ಎ ಉಳಿದದ್ದು ಇಷ್ಟೆಲ್ಲ ಬೇಲಿ ಇದೆ ಅನ್ನೋ ಕಾರಣಕ್ಕೆ. ಸಹಯೋಗ್ ನಡೆಯೋದು ಬೇರೆ ಕಲಮಿನ ಮೇಲೆ, 79(3)(ಬಿ). ಬಳಕೆದಾರರು ಬರೆದದ್ದಕ್ಕೆ ಜಾಲತಾಣದ ಕಂಪನಿ ಹೊಣೆ ಅಲ್ಲ ಅನ್ನೋ ರಕ್ಷಣೆಯನ್ನು ಕೊಡೋದು 79ನೇ ಕಲಂ. ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತೆ. ಹಾಗಾದಾಗ ಯಾವ ಕಂಪನಿ ತಾನೇ ಇನ್ಯಾರದೋ ಪೋಸ್ಟ್‌ಗೋಸ್ಕರ ಕೋರ್ಟು ಕಚೇರಿ ಅಲೆಯುತ್ತೆ? ತೆಗೆದು ಹಾಕಿ ಕೈ ತೊಳೆದುಕೊಳ್ಳುತ್ತೆ. ಅದೂ ಬೇಗ. 2021ರ ನಿಯಮದಲ್ಲಿ 36 ಗಂಟೆ ಸಮಯ ಇತ್ತು. 2026ರ ಫೆಬ್ರವರಿಯಲ್ಲಿ ಅದನ್ನು 3 ಗಂಟೆಗೆ ಇಳಿಸಿದರು. ಮೂರು ಗಂಟೆಯಲ್ಲಿ ಕನ್ನಡದ ಒಂದು ಬರಹವನ್ನು ಓದಿ, ಹಿಂದು ಮುಂದು ತಿಳಿದು, ಕಾನೂನು ನೋಡಿ ತೀರ್ಮಾನಿಸೋಕೆ ಯಾರಿಗೆ ಸಾಧ್ಯ?

ವಿಚಾರಣೆಯ ವೇಳೆ ಎಕ್ಸ್ ಪರ ವಕೀಲ ಕೆ.ಜಿ. ರಾಘವನ್ ಅವರು ರೈಲ್ವೆಯಿಂದ ಬಂದ ಒಂದು ನೋಟಿಸ್ ವಿಷಯ ತೆಗೆದರು. ಹೈದರಾಬಾದ್ ಬಳಿ ಮಹಿಳೆಯೊಬ್ಬರು ರೈಲು ಹಳಿ ಮೇಲೆ ಕಾರು ಓಡಿಸಿದ ವಿಡಿಯೊ, ಅದನ್ನು ತೆಗೆಯಬೇಕಂತೆ. ಅದು ಸುದ್ದಿ. ನಡೆದ ಘಟನೆ. ಸಿಕ್ಕ ಸಿಕ್ಕ ಅಧಿಕಾರಿಗಳೆಲ್ಲ ಹೀಗೆ ಆದೇಶ ಕೊಟ್ಟರೆ ಹೇಗೆ ಅನ್ನೋದು ಅವರ ವಾದ. ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಆ ಮಾತಿಗೆ ಜೋರಾಗಿಯೇ ಆಕ್ಷೇಪಿಸಿದರು. ಇನ್ನೊಂದು ದಿನ ಮೆಹ್ತಾ ಅವರು ಕೋರ್ಟಿಗೆ ಒಂದು ಎಕ್ಸ್ ಖಾತೆ ತೋರಿಸಿದರು. ಹೆಸರು 'ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ'. ಅಂಥದ್ದೊಂದು ಕೋರ್ಟ್ ಇಲ್ವೇ ಇಲ್ಲ. ಸರ್ಕಾರದ ಕಡೆಯವರೇ ಮಾದರಿಗೆ ಅಂತ ತೆರೆದ ಖಾತೆ ಅದು. ಕಂಪನಿ ಅದಕ್ಕೂ ಅಧಿಕೃತ ಅನ್ನೋ ಗುರುತು ಕೊಟ್ಟಿತ್ತು. ನೋಡಿ, ಇಷ್ಟು ಸುಲಭಕ್ಕೆ ಯಾರ ಹೆಸರಲ್ಲಿ ಬೇಕಾದರೂ ಸುಳ್ಳು ಹಬ್ಬಿಸಬಹುದು ಅಂದರು.

ನನಗೆ ಅನಿಸೋದು, ಇಬ್ಬರೂ ಎದುರಿನವರ ಬಗ್ಗೆ ಹೇಳಿದ್ದು ನಿಜ. ಅಧಿಕಾರಿಗಳ ಕೈಗೆ ಲಂಗು ಲಗಾಮಿಲ್ಲದ ಅಧಿಕಾರ ಸಿಕ್ಕಿದೆ, ಅದು ನಿಜ. ಕಂಪನಿಗೆ ದುಡ್ಡು ಬಂದರೆ ಸಾಕು, ಗುರುತು ಯಾರಿಗೆ ಹೋದರೂ ಚಿಂತೆಯಿಲ್ಲ, ಅದೂ ನಿಜ. ಆದರೆ ಇಡೀ ವಾದದಲ್ಲಿ ಒಬ್ಬರು ಕಾಣಲಿಲ್ಲ. ಯಾರ ಪೋಸ್ಟ್ ತೆಗೆದರೋ ಅವರು.

ಇದು ಮೊದಲ ಸಲವೂ ಅಲ್ಲ. ರೈತ ಹೋರಾಟದ ಕಾಲದಲ್ಲಿ, 2021ರಲ್ಲಿ, ಸರ್ಕಾರ ನೂರಾರು ಖಾತೆಗಳನ್ನು ತಡೆಯೋಕೆ ಟ್ವಿಟರ್‌ಗೆ ಹೇಳಿತ್ತು. ಕಂಪನಿ 2022ರ ಜುಲೈನಲ್ಲಿ ಇದೇ ಹೈಕೋರ್ಟಿಗೆ ಬಂದು 39 ಕೊಂಡಿಗಳ ವಿಷಯದಲ್ಲಿ ತಕರಾರು ಎತ್ತಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಎರಡೂ ತೀರ್ಪಿನಲ್ಲಿ ಒಂದು ಮಾತು ಸಮಾನ. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಭಾರತದ ಪ್ರಜೆಗಳಿಗೆ ಇರೋದು, ವಿದೇಶಿ ಕಂಪನಿ ಅದನ್ನು ತನ್ನದು ಅಂತ ಕೇಳೋ ಹಾಗಿಲ್ಲ.

ಆ ಮಾತನ್ನು ಒಪ್ಪೋಣ. ಹಕ್ಕು ಪ್ರಜೆಯದು. ಹಾಗಿದ್ದರೆ ಪ್ರಜೆಯೇ ಕೇಳಬೇಕು ತಾನೇ? ಕೇಳೋದು ಹೇಗೆ? 69ಎ ಕಲಂ ಕೆಳಗೆ ಮಾಡಿದ 2009ರ ತಡೆ ನಿಯಮಗಳ 16ನೇ ನಿಯಮ ಇಡೀ ವ್ಯವಹಾರ ಗುಟ್ಟಾಗಿರಬೇಕು ಅನ್ನುತ್ತೆ. ಆದೇಶದ ಪ್ರತಿ ಬರೆದವರ ಕೈ ಸೇರೋದಿಲ್ಲ. ಯಾರು ದೂರು ಕೊಟ್ಟರು, ಯಾವ ಸಾಲು ತಪ್ಪಾಯಿತು, ಏನೂ ಗೊತ್ತಾಗೋದಿಲ್ಲ. ಹಕ್ಕಿರುವವರಿಗೆ ವಿಷಯ ಗೊತ್ತಿಲ್ಲ, ವಿಷಯ ಗೊತ್ತಿರುವ ಕಂಪನಿಗೆ ಹಕ್ಕಿಲ್ಲ. ನನ್ನ ಸಿಟ್ಟೆಲ್ಲ ಇರೋದು ಈ ಜಾಗದಲ್ಲಿ.

ತನುಲ್ ಠಾಕುರ್ ಅನ್ನೋ ಪತ್ರಕರ್ತರ ಕಥೆ ನಿಮಗೆ ನೆನಪಿರಬಹುದು. ವರದಕ್ಷಿಣೆ ಪದ್ಧತಿಯನ್ನು ಲೇವಡಿ ಮಾಡೋಕೆ 'ಡೌರಿ ಕ್ಯಾಲ್ಕ್ಯುಲೇಟರ್' ಅಂತ ವೆಬ್‌ಸೈಟ್ ಮಾಡಿದ್ದರು. ಗಂಡಿನ ಜಾತಿ, ಓದು, ಸಂಬಳ ಹಾಕಿದರೆ ಎಷ್ಟು ವರದಕ್ಷಿಣೆ ಅಂತ ಲೆಕ್ಕ ತೋರಿಸೋದು. ಅದು ಲೇವಡಿ ಅಂತ ಅರ್ಥವಾಗದೆ 2018ರಲ್ಲಿ ತಡೆದರು. ತಡೆ ಆದೇಶದ ಪ್ರತಿ ಕೊಡಿ, ನನ್ನ ಮಾತು ಕೇಳಿ ಅಂತ ಅವರು ದೆಹಲಿ ಹೈಕೋರ್ಟಿಗೆ ಹೋದರು. ಪ್ರತಿ ಕೊಡಿ, ವಿಚಾರಣೆ ಮಾಡಿ ಅಂತ ಕೋರ್ಟ್ ಹೇಳಿದ್ದು 2022ರ ಮೇ ತಿಂಗಳಲ್ಲಿ. ದೆಹಲಿಯ ಪತ್ರಕರ್ತರಿಗೇ ಇಷ್ಟು ವರ್ಷ ಹಿಡಿಯಿತು. ಸಿಂಧನೂರಿನಲ್ಲೋ ತೀರ್ಥಹಳ್ಳಿಯಲ್ಲೋ ಕೂತು ಬರೆಯುವವರ ಗತಿ ಏನು?

ಸರ್ಕಾರ ಮಾಡಿದರೆ ಮಾತ್ರ ತಪ್ಪು, ಕಂಪನಿ ತಾನಾಗಿ ಮಾಡಿದರೆ ಪರವಾಗಿಲ್ಲ ಅನ್ನೋರ ಜೊತೆಗೂ ನನಗೆ ಜಗಳ ಇದೆ. ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು 2019ರ ಅಕ್ಟೋಬರ್‌ನಲ್ಲಿ ಟ್ವಿಟರ್ ತಡೆಹಿಡಿಯಿತು. ಅವರು ಹಾಕಿಕೊಂಡಿದ್ದ ಫೋಟೋ ಯಾವುದು ಗೊತ್ತಾ? 1936ರಲ್ಲಿ ಹ್ಯಾಂಬರ್ಗಿನಲ್ಲಿ ಎಲ್ಲರೂ ಕೈ ಎತ್ತಿ ಹಿಟ್ಲರನಿಗೆ ಸಲಾಮು ಹೊಡೆಯುವಾಗ ಒಬ್ಬ ಮನುಷ್ಯ ಕೈ ಕಟ್ಟಿ ನಿಂತ ಚಿತ್ರ. ದ್ವೇಷ ಹರಡುತ್ತೆ ಅಂತ ಕಂಪನಿಗೆ ಅನಿಸಿತು! ಅವರು ಕೋರ್ಟಿಗೆ ಹೋದರೆ, ನಮ್ಮದು ಖಾಸಗಿ ಕಂಪನಿ, ಸರ್ಕಾರದ ಮೇಲೆ ಹಾಕೋ ರಿಟ್ ಅರ್ಜಿಯನ್ನು ನಮ್ಮ ಮೇಲೆ ಹಾಕೋ ಹಾಗಿಲ್ಲ ಅನ್ನೋದು ಕಂಪನಿಯ ವಾದ. ಮಸ್ಕ್ ಬಂದ ಮೇಲೆ ಎಲ್ಲ ಬದಲಾಯ್ತು ಅನ್ನೋರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ 44 ಬಿಲಿಯನ್ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. ಡಿಸೆಂಬರ್‌ನಲ್ಲೇ ತಮ್ಮ ಬಗ್ಗೆ ಬರೆದಿದ್ದ ಅಮೆರಿಕದ ಪತ್ರಕರ್ತರ ಖಾತೆಗಳನ್ನು ಮುಚ್ಚಿಸಿದರು.

ನಮ್ಮ ಕಡೆಯದೇ ಒಂದು ಹೇಳುತ್ತೇನೆ. ನನಗೆ ಪರಿಚಯದ ಹುಡುಗನೊಬ್ಬ ಯಕ್ಷಗಾನದ ಪುಟ ನಡೆಸುತ್ತಿದ್ದ. ರಾತ್ರಿಯಿಡೀ ಆಟ ನೋಡೋದು, ಫೋಟೋ ಹೊಡೆಯೋದು, ಬೆಳಗ್ಗೆ ಮನೆಗೆ ಬಂದು ಯಾರು ಯಾವ ವೇಷ, ಭಾಗವತರು ಯಾರು, ಮದ್ದಳೆ ಯಾರದು ಅಂತ ಒಂದೊಂದರ ಕೆಳಗೂ ಬರೆಯೋದು. ತೀರಿಕೊಂಡ ಎಷ್ಟೋ ಹಿರಿಯ ಕಲಾವಿದರ ಕೊನೆಯ ವೇಷಗಳ ಫೋಟೋ ಅಲ್ಲಿದ್ದವು. ಒಂದು ದಿನ ಕೀಚಕ ವಧೆಯ ದೃಶ್ಯ ಹಾಕಿದ. ಭೀಮ ಕೀಚಕನ ಎದೆ ಮೇಲೆ ಮಂಡಿಯೂರಿದ್ದು, ಕೆಂಪು ಬಣ್ಣ, ಅಷ್ಟೇ. ಹಿಂಸೆಯ ಚಿತ್ರ ಅಂತ ತೆಗೆದರು. ಸ್ವಲ್ಪ ದಿನಕ್ಕೆ ಇನ್ನೊಂದು ಚಿತ್ರ ಹೋಯ್ತು. ಆಮೇಲೆ ಪುಟವೇ ಹೋಯ್ತು. ಮೇಲ್ಮನವಿಯ ಬಟನ್ ಒತ್ತಿದ. ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗೋದಿಲ್ಲ ಅಂತ ಇಂಗ್ಲಿಷಿನಲ್ಲಿ ಎರಡು ಸಾಲು. ಅದನ್ನು ನೋಡಿದ್ದು ಮನುಷ್ಯರೋ ಯಂತ್ರವೋ ಇವತ್ತಿಗೂ ತಿಳಿಯದು. ಯಾವ ಸರ್ಕಾರವೂ ಅದನ್ನು ತೆಗೆಯಿರಿ ಅಂದಿರಲಿಲ್ಲ. ಅವನು ಈಗ ಫೋಟೋ ಹಾಕೋದನ್ನೇ ಬಿಟ್ಟಿದ್ದಾನೆ.

'ಅದಕ್ಕೇ ಸ್ವದೇಶಿ ಆ್ಯಪ್ ಬೇಕು' ಅಂತ ಈಗಾಗಲೇ ಯಾರೋ ಕಮೆಂಟ್ ಬರೆಯೋಕೆ ಶುರು ಮಾಡಿರುತ್ತೀರಿ. ಟ್ವಿಟರ್ ಥರದ್ದೇ 'ಕೂ' ಅನ್ನೋ ಆ್ಯಪ್ ಇತ್ತಲ್ಲ. ಬೆಂಗಳೂರಿನದೇ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ 2020ರಲ್ಲಿ ಶುರು ಮಾಡಿದರು, ಅದೂ ಮೊದಲು ಕನ್ನಡದಲ್ಲಿ. ನನಗೆ ಆಗ ನಿಜವಾಗಿಯೂ ಖುಷಿಯಾಗಿತ್ತು. ಕನ್ನಡದಲ್ಲಿ ಬರೆಯೋರಿಗೆ ಎರಡನೇ ದರ್ಜೆ ಅನ್ನೋ ಭಾವನೆ ಅಲ್ಲಿರಲಿಲ್ಲ. 2021ರ ಫೆಬ್ರವರಿಯಲ್ಲಿ ಟ್ವಿಟರ್ ಜೊತೆ ಸರ್ಕಾರದ ಜಗಳ ಜೋರಾದಾಗ ಹಲವು ಕೇಂದ್ರ ಸಚಿವರು ಕೂಗೆ ಬಂದರು. ಅದೇ ವರ್ಷ ನೈಜೀರಿಯಾ ಟ್ವಿಟರ್ ನಿಷೇಧಿಸಿದಾಗ ಅಲ್ಲಿನ ಸರ್ಕಾರವೂ ಕೂನಲ್ಲಿ ಖಾತೆ ತೆರೆಯಿತು. ಹೂಡಿಕೆ ನಿಂತಿತು, ಕೊಳ್ಳುವವರು ಸಿಗಲಿಲ್ಲ, 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅಲ್ಲಿ ಬರೆದ ಕನ್ನಡ ಏನಾಯಿತು? ಮಾಲೀಕರು ನಮ್ಮೂರಿನವರು ಅನ್ನೋದರಿಂದ ನಮ್ಮ ಬರಹ ಉಳಿಯಲಿಲ್ಲ. ಕಂಪನಿ ಕಟ್ಟಿದವರನ್ನು ಬೈಯುತ್ತಿಲ್ಲ, ಅವರು ಕಷ್ಟಪಟ್ಟರು. ಮಾಲೀಕರ ಊರು ನೋಡಿ ನಂಬಿಕೆ ಇಡಬೇಡಿ ಅಂತಷ್ಟೇ ಹೇಳುತ್ತಿದ್ದೇನೆ.

ಪಕ್ಷ ನೋಡಿಯೂ ನಂಬಿಕೆ ಇಡಬೇಡಿ. ಕೇಂದ್ರವನ್ನು ದಿನಾ ಬೈಯುವ ಕಾಂಗ್ರೆಸ್ ನಮ್ಮ ರಾಜ್ಯದಲ್ಲಿ ಏನು ಮಾಡಿತು? 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಂತು. 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಯಾವುದು ಸುಳ್ಳು ಅಂತ ನೋಡೋ ಪ್ರಾಧಿಕಾರಕ್ಕೆ ಅಧ್ಯಕ್ಷರು ಮಂತ್ರಿ! ಕೇಂದ್ರ ಇಂಥದ್ದೇ ಸತ್ಯ ಪರಿಶೀಲನಾ ಘಟಕ ಮಾಡೋಕೆ ಹೊರಟಾಗ 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತ್ತು. ಆ ತೀರ್ಪನ್ನು ಮೆಚ್ಚಿ ಬರೆದ ನನ್ನ ಕೆಲವು ಗೆಳೆಯರು ಬೆಂಗಳೂರಿನ ಕರಡು ಬಂದಾಗ ಮಾತೇ ಆಡಲಿಲ್ಲ. ಗೆಳೆಯರೇ, ಇದು ಸರಿಯಲ್ಲ.

ಹಾಗಾದರೆ ಸುಳ್ಳು ಹರಡಿದರೂ ಸುಮ್ನೆ ಇರಬೇಕಾ? ಖಂಡಿತ ಇಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಅಂತ ಮರೆಯೋಕಾಗುತ್ತಾ? ಹೈದರಾಬಾದಿನಿಂದ ಬಂದಿದ್ದ ಯುವಕರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿತು. ಜನ ರಸ್ತೆಗೆ ಅಡ್ಡ ಹಾಕಿ ಹೊಡೆದರು. ಒಬ್ಬ ಎಂಜಿನಿಯರ್ ಸತ್ತ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದ ಹಾಗೆ ಮಾಡಿತು. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯದವರು ಗಾಳಿಸುದ್ದಿಗೆ ಹೆದರಿ ಬೆಂಗಳೂರು ಬಿಟ್ಟು ರೈಲು ಹತ್ತಿದಾಗಲೂ ಸರ್ಕಾರ 15 ದಿನ ರಾಶಿ ಎಸ್ಸೆಮ್ಮೆಸ್ ನಿಲ್ಲಿಸಿತ್ತು. ಇವೆರಡರಲ್ಲೂ ಒಂದು ಗುಣ ಇದೆ. ನಿರ್ಬಂಧ ಎಲ್ಲರಿಗೂ ಒಂದೇ. ಎಲ್ಲರಿಗೂ ಗೊತ್ತಿತ್ತು. ಯಾರ ಮಾತು ಇರಬೇಕು, ಯಾರದು ಹೋಗಬೇಕು ಅಂತ ಮುಚ್ಚಿದ ಕೋಣೆಯಲ್ಲಿ ಒಬ್ಬರು ಆರಿಸಲಿಲ್ಲ. ಮಕ್ಕಳ ಅಶ್ಲೀಲ ವಿಡಿಯೊ, ಹೆಣ್ಣುಮಕ್ಕಳ ತಿರುಚಿದ ಫೋಟೋ, ಇಂಥವನ್ನು ನಿಮಿಷದಲ್ಲೇ ತೆಗೆಯಲಿ. ನನ್ನದೇನೂ ತಕರಾರಿಲ್ಲ. ತೆಗೆದ ಮೇಲೆ ಹಾಕಿದವರಿಗೆ ಕಾರಣ ಹೇಳೋದರಿಂದ ಯಾವ ನಷ್ಟವೂ ಇಲ್ಲ.

ನಾನು ಕೇಳುತ್ತಿರೋದು ಬಹಳ ಸಣ್ಣದು. ಸರ್ಕಾರ ಹೇಳಿ ತೆಗೆದರೆ ಆ ಆದೇಶ ಬರೆದವರಿಗೆ ಬರಲಿ. ಕಂಪನಿ ತಾನಾಗಿ ತೆಗೆದರೆ ಯಾವ ನಿಯಮ, ಯಾವ ಸಾಲು, ನೋಡಿದ್ದು ಯಂತ್ರವೋ ಮನುಷ್ಯರೋ ಅಂತ ಹೇಳಲಿ, ಬರೆದವರ ಭಾಷೆಯಲ್ಲಿ ಹೇಳಲಿ. ಆಮೇಲೆ ಕೇಳೋಕೆ ಒಂದು ಜಾಗ ಇರಲಿ. ಯುರೋಪಿನ ಡಿಜಿಟಲ್ ಸೇವಾ ಕಾಯ್ದೆಯಲ್ಲಿ ಕಂಪನಿ ಕಾರಣ ಕೊಡಲೇಬೇಕು ಅಂತ ಇದೆ, ತೀರ್ಮಾನಕ್ಕೆ ಯಂತ್ರ ಬಳಸಿದ್ದರೆ ಅದನ್ನೂ ತಿಳಿಸಬೇಕು. ಅದು 2024ರ ಫೆಬ್ರವರಿಯಿಂದ ಎಲ್ಲ ಜಾಲತಾಣಗಳಿಗೂ ಅನ್ವಯ. ಅದೇ ಕಂಪನಿಗಳು, ಅದೇ ಆ್ಯಪ್. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗೋದಿಲ್ಲ?

ನಮ್ಮಲ್ಲೂ ಸ್ವಲ್ಪ ದಾರಿ ತೆರೆದಿದೆ. 2025ರ ಮಾರ್ಚ್‌ನಲ್ಲಿ ಇದೇ 16ನೇ ನಿಯಮದ ವಿರುದ್ಧದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ, ಬರೆದವರು ಯಾರು ಅಂತ ಗೊತ್ತಿದ್ದರೆ ಅವರಿಗೆ ನೋಟಿಸ್ ಕೊಡಬೇಕಲ್ವಾ ಅನ್ನೋ ಅಭಿಪ್ರಾಯ ಪೀಠದಿಂದಲೇ ಬಂತು. ಅಕ್ಟೋಬರ್‌ನಲ್ಲಿ ಕೇಂದ್ರ, ಸಹಯೋಗ್ ನೋಟಿಸ್‌ಗೆ ಅನ್ವಯಿಸೋ 2021ರ ನಿಯಮ ತಿದ್ದಿತು. ಈಗ ಜಂಟಿ ಕಾರ್ಯದರ್ಶಿ (ಆ ದರ್ಜೆಯವರು ಇಲ್ಲದ ಕಡೆ ನಿರ್ದೇಶಕ) ದರ್ಜೆಗಿಂತ, ಪೊಲೀಸರಲ್ಲಾದರೆ ಡಿಐಜಿಗಿಂತ ಕೆಳಗಿನವರು ನೋಟಿಸ್ ಕಳಿಸೋ ಹಾಗಿಲ್ಲ, ಕಾರಣವನ್ನೂ ಬರೆಯಬೇಕು. ಆ ಕಾರಣ ಹೋಗೋದು ಕಂಪನಿಗೆ. ಬರೆದವರಿಗೆ ಹೋಗಬೇಕು ಅಂತ ಅದರಲ್ಲಿ ಇಲ್ಲ. ಒಂದು ಸಾಲು ಸೇರಿಸಿದರೆ ಮುಗಿಯುತ್ತಿತ್ತು.

ಕಂಪನಿ ತಾನಾಗಿ ತೆಗೆದ ಪೋಸ್ಟ್‌ಗಳ ಬಗ್ಗೆ ಒಂದು ಉಪಯೋಗದ ಮಾತು. 2023ರಿಂದ ಕೇಂದ್ರದ ಮೇಲ್ಮನವಿ ಸಮಿತಿಗಳು ಕೆಲಸ ಮಾಡುತ್ತಿವೆ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಅವರ ಉತ್ತರ ಬಂದು 30 ದಿನದೊಳಗೆ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಮಿತಿಗೆ ಜನರನ್ನು ನೇಮಿಸೋದು ಕೇಂದ್ರವೇ, ಅದು ನನಗೆ ಇಷ್ಟವಿಲ್ಲ. ಆದರೂ ಅರ್ಜಿ ಹಾಕಿ. ದಾಖಲೆಯಾದರೂ ಉಳಿಯುತ್ತೆ. ಯಕ್ಷಗಾನದ ಹುಡುಗನಿಗೆ ಇದು ಗೊತ್ತಿರಲಿಲ್ಲ, ಗೊತ್ತಾಗುವಷ್ಟರಲ್ಲಿ ಗಡುವು ಮುಗಿದಿತ್ತು.

ಕನ್ನಡದ ಪುಟ, ಚಾನೆಲ್, ಗುಂಪು ನಡೆಸುವವರು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಬರಹ ಅಥವಾ ವಿಡಿಯೊ ಹೀಗೆ ಹೋಗಿದ್ದರೆ, ಬಂದ ಸಂದೇಶದ ಸ್ಕ್ರೀನ್‌ಶಾಟ್ ನನಗೆ ಇನ್‌ಬಾಕ್ಸ್‌ಗೆ ಕಳಿಸಿ. ದಿನಾಂಕ, ಕೊಟ್ಟ ಕಾರಣ, ಅದು ಯಾವ ಭಾಷೆಯಲ್ಲಿತ್ತು, ಮೇಲ್ಮನವಿಗೆ ಏನು ಉತ್ತರ ಬಂತು, ಇಷ್ಟು ಬರೆದರೆ ಸಾಕು. ನೀವು ಯಾವ ಪಕ್ಷ, ಯಾವ ಪಂಥ ಅಂತ ಕೇಳೋದಿಲ್ಲ, ಹೆಸರು ಹೊರಗೆ ಹಾಕೋದಿಲ್ಲ. ಒಂದಷ್ಟು ಸೇರಿದ ಮೇಲೆ, ಕಾನೂನು ಬಲ್ಲ ಗೆಳೆಯರ ಜೊತೆ ಕೂತು ಅದನ್ನೆಲ್ಲ ಕನ್ನಡದಲ್ಲೇ ಒಂದು ಮನವಿಯಾಗಿ ಬರೆದು, ನಮ್ಮ ಸಂಸದರಿಗೂ ರಾಜ್ಯದ ಐಟಿ ಸಚಿವರಿಗೂ ಕೊಡುತ್ತೇವೆ.