ಒಂದರಿಂದ ಮೂರರ ತನಕ ತೋಪು ಬಂದ್

ಕಳೆದ ವಾರ ಧಾರವಾಡದ ಕಿಲ್ಲಾ ಬಾಗಿಲ ಹತ್ತಿರ ಗೆಳೆಯನ ದಾರಿ ಕಾಯುತ್ತ ಅರ್ಧ ತಾಸು ನಿಂತಿದ್ದೆ. ಕಮಾನಿನ ನೆರಳಿಗೆ ಯಾರೋ ಸ್ಕೂಟರ್ ನಿಲ್ಲಿಸಿ ಹೋಗಿದ್ದರು, ಅದರ ಸೀಟಿನ ಮೇಲೆ ಬೆಕ್ಕೊಂದು ಕಣ್ಣು ಮುಚ್ಚಿ ಬಿದ್ದಿತ್ತು. ಗೋಡೆಯ ಸಂದಿಯಿಂದ ಅರಳಿ ಗಿಡವೊಂದು ಬೇರು ಇಳಿಬಿಟ್ಟಿತ್ತು. ಗೆಳೆಯ ಬಂದವನೇ ಕುಶಲ ಗಿಶಲ ಏನೂ ಕೇಳದೆ ಮೊಬೈಲ್ ಮುಖಕ್ಕೆ ಹಿಡಿದ.

"ನೋಡಲೇ, ಅಮೆರಿಕಾ-ಯುರೋಪಿನವ್ರ ದಂಡಿನ ಕೂಟ ಐತಲ್ಲ, ನ್ಯಾಟೋ, ಅದರ ಕತಿ ಮುಗೀತು. ಅಮೆರಿಕಾದವ್ರು ಡೆನ್ಮಾರ್ಕಿನವ್ರ ಗ್ರೀನ್‌ಲ್ಯಾಂಡ್ ನಮಗ ಬೇಕಂತಾರ, ಸ್ಪೇನಿನವ್ರು ಅಷ್ಟು ರೊಕ್ಕಾ ನಮ್ ಕಡಿಂದ ಆಗಂಗಿಲ್ಲ ಅಂತಾರ, ತುರ್ಕಿಯವ್ರು ರಷ್ಯಾದ ಕ್ಷಿಪಣಿ ತಂದು ಇಟಗೊಂಡಾರ. ಇದೆಂಥಾ ದೋಸ್ತಿಪಾ?"

"ನೀ ಬೆನ್ನು ಹಚ್ಚಿ ನಿಂತೀಯಲ್ಲ, ಆ ಗ್ವಾಡಿ ಇದಕ್ಕಿಂತ ಚಂದ ದೋಸ್ತಿ ನೋಡೇತಿ" ಅಂದೆ. ಚಾ ಕುಡಿಯುತ್ತ ಅವನಿಗೆ ಹೇಳಿದ್ದನ್ನೇ ಸ್ವಲ್ಪ ಸಾವಕಾಶವಾಗಿ ಇಲ್ಲಿ ಬರೆಯುತ್ತಿದ್ದೇನೆ. (ಟಿಪ್ಪು ಹೆಸರು ಬಂತೆಂದು ಕುಸ್ತಿಗೆ ಇಳಿಯಬೇಡಿ. ಈ ಬರಹ ಅವನ ಬಗ್ಗೆ ಅಲ್ಲ, ಅವನ ವಿರುದ್ಧ ಒಂದಾದವರ ಬಗ್ಗೆ.)

1790ರಲ್ಲಿ ಮರಾಠರ ಪೇಶ್ವೆ, ಹೈದರಾಬಾದಿನ ನಿಜಾಮ, ಈಸ್ಟ್ ಇಂಡಿಯಾ ಕಂಪನಿ ಮೂವರೂ ಟಿಪ್ಪುವಿನ ಮೇಲೆ ಕೂಡಿ ಬೀಳುವುದೆಂದು ಒಪ್ಪಂದ ಮಾಡಿಕೊಂಡರು. ಗೆದ್ದದ್ದು ಮೂರು ಪಾಲು. ಆ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವು ಪಟವರ್ಧನ ಮರಾಠಾ ದಂಡು ತಗೊಂಡು ಧಾರವಾಡಕ್ಕೆ ಬಂದ. ಜೊತೆಗೆ ಮುಂಬೈ ಕಡೆಯಿಂದ ಕ್ಯಾಪ್ಟನ್ ಲಿಟ್ಲ್ ಎಂಬವನ ಎರಡು ಬೆಟಾಲಿಯನ್ ಸಿಪಾಯಿಗಳು. ಕೋಟೆಯೊಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಮುತ್ತಿಗೆ ಮುಗಿದದ್ದು 1791ರ ಏಪ್ರಿಲ್ ಮೊದಲ ವಾರದಲ್ಲಿ. ಅಂದರೆ ಜೋಳ ಬಿತ್ತಿ, ಕೊಯ್ದು, ರಾಶಿ ಮಾಡಿ, ಹಗೆಗೆ ತುಂಬುವಷ್ಟು ಹೊತ್ತು.

ಯಾಕಿಷ್ಟು ತಡ? ಲಿಟ್ಲ್‌ನ ಪಡೆಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಲೆಫ್ಟಿನೆಂಟ್ ಮರಾಠರ ತೋಪಿನ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ತೋಪಿಗೆ ಮದ್ದು ತುಂಬುತ್ತಾರಂತೆ. ಆಮೇಲೆ ಎಲ್ಲರೂ ಕೂತು ಹರಟೆ ಹೊಡೆಯುತ್ತ ಅರ್ಧ ತಾಸು ಹೊಗೆ ಸೇದುತ್ತಾರಂತೆ. ಆಮೇಲೆ ಎದ್ದು ತೋಪು ಹಾರಿಸುವುದು. ಕೋಟೆಯಿಂದ ಧೂಳು ಜೋರಾಗಿ ಎದ್ದಿತೋ, ಆಯಿತು, ಭೇಷ್. ಮತ್ತೆ ಮದ್ದು, ಮತ್ತೆ ಹೊಗೆ, ಮತ್ತೆ ಹರಟೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆಯವರು ಗುಂಡು ಹಾರಿಸುವುದೇ ಅಪರೂಪ, ಊಟದ ಹೊತ್ತು ಅಂತ. ಧಾರವಾಡದ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ ಎಂದು ಬೆಂಗಳೂರಿನವರು ನಗುತ್ತಾರಲ್ಲ, ಅವರಿಗೆ ಹೇಳಿ: ಈ ಊರಲ್ಲಿ ಯುದ್ಧವೂ ಮಧ್ಯಾಹ್ನ ಬಂದ್ ಇತ್ತು.

ಇಂಗ್ಲಿಷರಿಗೆ ಮೈಯೆಲ್ಲ ಉರಿ. ಹೆಚ್ಚಿನ ಪಡೆ ಕಟ್ಟಿಕೊಂಡು ಬಂದ ಕರ್ನಲ್ ಫ್ರೆಡರಿಕ್ ಫೆಬ್ರವರಿಯಲ್ಲಿ ಕೋಟೆಗೆ ಲಗ್ಗೆ ಹಾಕಿಸಿದ, ಆಗಲಿಲ್ಲ. ಮಾರ್ಚಿನಲ್ಲಿ ತೀರಿಕೊಂಡ. ಕೊರಗಿ ಸತ್ತ ಎಂದೇ ಇಂಗ್ಲಿಷ್ ಇತಿಹಾಸಕಾರರು ಬರೆದರು. ತೋಪು ಸಾಲದು, ಮದ್ದು ಸಾಲದು, ಈ ಮರಾಠರಿಗೆ ಗೆಲ್ಲುವ ಮನಸ್ಸೇ ಇಲ್ಲ, ಒಳಗೊಳಗೇ ಏನೋ ಮಸಲತ್ತು ನಡೆಸಿದ್ದಾರೆ — ಇದು ಅವರ ಗೊಣಗಾಟ.

ನನ್ನ ತಕರಾರು ಇಲ್ಲಿಂದ ಶುರು. ಈ ಕಥೆ ನಮಗೆ ಬಂದದ್ದು ಹೆಚ್ಚಾಗಿ ಇಂಗ್ಲಿಷರ ಬಾಯಿಂದ. ಮರಾಠರಿಗೆ ಏನು ಅವಸರ ಇತ್ತು, ಹೇಳಿ? ಅವರಿಗೆ ಬೇಕಾದದ್ದು ತುಂಗಭದ್ರೆಯ ಈಚೆಯ ನಾಡು, ಅದು ಕಾಲಡಿಗೇ ಇತ್ತು. ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಕಣ್ಣೆಲ್ಲ ಶ್ರೀರಂಗಪಟ್ಟಣದ ಮೇಲೆ. ಪುಣೆಯಲ್ಲಿ ಕೂತ ಪೇಶ್ವೆಯ ಮಂತ್ರಿ ನಾನಾ ಫಡ್ನವೀಸನಿಗಂತೂ ಟಿಪ್ಪು ಸೋಲಬೇಕಿತ್ತು, ಆದರೆ ಪೂರ್ತಿ ಮುಗಿಯಬಾರದಿತ್ತು, ನಾಳೆ ಕಂಪನಿಯನ್ನು ತಡೆಯಲು ಒಬ್ಬ ಬೇಕಲ್ಲ. ಒಂದೇ ವೈರಿ, ಮೂರು ಲೆಕ್ಕದ ವಹಿ. ಹೊಗೆ ಸೇದುತ್ತ ಕೂತವನನ್ನು ಸೋಮಾರಿ ಅಂದ ಮೂರ್‌ಗೆ ಆ ವಹಿ ಕಾಣಲಿಲ್ಲ.

ಮೇ ತಿಂಗಳಲ್ಲಿ ಆದದ್ದು ಇನ್ನೂ ಮಜಾ. ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಗೆದ್ದ, ಆದರೆ ಎತ್ತು ಸತ್ತವು, ಅಕ್ಕಿ ಮುಗಿಯಿತು. ಎಳೆಯಲಾರದ ದೊಡ್ಡ ತೋಪುಗಳನ್ನು ತನ್ನ ಕೈಯಾರೆ ಒಡೆಸಿ ಹಿಂದಕ್ಕೆ ಹೊರಟ. ದಾರಿಯಲ್ಲಿ ಕುದುರೆ ಸವಾರರು ಕಂಡರು. ಟಿಪ್ಪುವಿನವರೇ ಬಂದರೆಂದು ಸಜ್ಜಾದರೆ, ಬಂದವರು ದೋಸ್ತರು! ಪರಶುರಾಮ ಭಾವು, ಹರಿಪಂತ ಫಡಕೆ, ಹಿಂದೆ ದೊಡ್ಡ ದಂಡು. ಅವರು ಬರುತ್ತಿರುವ ಸುದ್ದಿಯೇ ಕಾರ್ನ್‌ವಾಲಿಸನಿಗೆ ಮುಟ್ಟಿರಲಿಲ್ಲ, ಟಿಪ್ಪುವಿನ ಜನ ದೂತರನ್ನು ದಾರಿಯಲ್ಲೇ ಹಿಡಿಯುತ್ತಿದ್ದರು. ಕೆಲವೇ ದಿನ ಮೊದಲು ಬಂದಿದ್ದರೆ ಆ ತೋಪುಗಳು ಉಳಿಯುತ್ತಿದ್ದವು. ಮರಾಠರ ಬಜಾರಿನಲ್ಲಿ ಕಾಳುಕಡಿ ರಾಶಿ ಇತ್ತು, ಹಸಿದ ದೋಸ್ತರಿಗೆ ಮಾರಿದರು ಕೂಡ. ರೇಟು ಮಾತ್ರ ಕೇಳಬೇಡಿ. ಸಾಲದ್ದಕ್ಕೆ ಸಾಲ ಕೇಳಿದರು, ಕಾರ್ನ್‌ವಾಲಿಸ್ ಚೀನಾಕ್ಕೆ ಹೊರಟಿದ್ದ ಹಡಗುಗಳ ಬೆಳ್ಳಿಯನ್ನು ಮದ್ರಾಸಿನಲ್ಲಿ ಇಳಿಸಿಕೊಂಡು ಕೊಟ್ಟ.

ಇಷ್ಟೆಲ್ಲ ಬೈದಾಡಿಕೊಂಡ ಕೂಟವೇ ಮುಂದಿನ ವರ್ಷ ಗೆದ್ದಿತು. 1792ರ ಮಾರ್ಚಿನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ತಡ, ಗೊಣಗಾಟ, ರೊಕ್ಕದ ಜಗಳ ಯಾವುದೂ ಕೂಟವನ್ನು ಮುರಿಯಲಿಲ್ಲ.

ಮುರಿದದ್ದು ಗೆದ್ದ ಮೇಲೆ. ಮೂರೇ ವರ್ಷಕ್ಕೆ, 1795ರಲ್ಲಿ, ಖರ್ಡಾದಲ್ಲಿ ಮರಾಠರು ನಿಜಾಮನ ಮೇಲೆ ಬಿದ್ದರು. ಕಂಪನಿ ಕೈಕಟ್ಟಿ ಕೂತಿತು. 1803ರಲ್ಲಿ ಕಂಪನಿ ಮರಾಠಾ ಸರದಾರರ ಮೇಲೆ ಬಿತ್ತು. ಇನ್ನು ಈ ಧಾರವಾಡ? 1817ರ ಪುಣೆ ಒಪ್ಪಂದದಲ್ಲಿ ಪೇಶ್ವೆ ಕಂಪನಿಗೆ ಬರೆದುಕೊಟ್ಟ ಭಾಗದಲ್ಲಿ ಇದೂ ಹೋಯಿತು. ಯಾವ ದೋಸ್ತನ ಪಕ್ಕ ಕೂತು ಹೊಗೆ ಸೇದಿದ್ದರೋ ಆ ದೋಸ್ತನಿಗೇ.

ಈಗ ಗೆಳೆಯನ ಮೊಬೈಲಿಗೆ ಬರೋಣ.

ನ್ಯಾಟೋ ಹುಟ್ಟಿದ್ದು 1949ರ ಏಪ್ರಿಲ್ 4ಕ್ಕೆ, 12 ದೇಶ ಸೇರಿ. ಈಗ 32. "ಮೊದಲೆಲ್ಲ ಚಲೋ ಇದ್ರು, ಈಗ ಕೆಟ್ಟರು" ಎನ್ನುವವರು ಹಳೇ ಪೇಪರ್ ತೆಗೆದು ನೋಡಬೇಕು. 1956ರಲ್ಲಿ ಸೂಯೆಜ್ ಕಾಲುವೆಗೆ ಕೈ ಹಾಕಿದ ಬ್ರಿಟನ್, ಫ್ರಾನ್ಸನ್ನು ಹಿಂದೆ ಸರಿಸಿದ್ದು ರಷ್ಯಾದ ಬೆದರಿಕೆಗಿಂತ ಹೆಚ್ಚಾಗಿ ಅಮೆರಿಕಾ, ಅದೂ ಪೌಂಡಿನ ಕುತ್ತಿಗೆ ಹಿಡಿದು. 1966ರಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ತನ್ನ ದೇಶವನ್ನು ನ್ಯಾಟೋದ ಸೇನಾ ಕಮಾಂಡಿನಿಂದ ಹೊರಗೆ ತಂದ, ಮುಖ್ಯ ಕಚೇರಿ ಪ್ಯಾರಿಸ್ ಬಿಟ್ಟು ಬ್ರಸೆಲ್ಸಿಗೆ ಗಂಟು ಮೂಟೆ ಕಟ್ಟಿತು. ಫ್ರಾನ್ಸ್ ತಿರುಗಿ ಆ ಕಮಾಂಡಿಗೆ ಬಂದದ್ದು 2009ರಲ್ಲಿ. ಅಷ್ಟು ವರ್ಷ ಮುನಿಸು, ಆದರೂ ಮನೆ ಬಿಡಲಿಲ್ಲ. ತುರ್ಕಿಗೆ ರಷ್ಯಾದ ಎಸ್-400 ಕ್ಷಿಪಣಿ ಬಂದದ್ದು 2019ರಲ್ಲಿ, ಅಮೆರಿಕಾ ತುರ್ಕಿಯನ್ನು ಎಫ್-35 ವಿಮಾನದ ಯೋಜನೆಯಿಂದ ಹೊರಗೆ ಹಾಕಿತು. ತುರ್ಕಿ ಕೂಟದೊಳಗೇ ಇದೆ. 2025ರಲ್ಲಿ ಹೇಗ್‌ನಲ್ಲಿ ಕೂತು 2035ರ ಹೊತ್ತಿಗೆ ಜಿಡಿಪಿಯ 5 ಶೇಕಡಾ ರಕ್ಷಣೆಗೆ ಅಂತ ಗೊತ್ತು ಮಾಡಿದರು, ಸ್ಪೇನ್ ನಮಗೆ ಅಷ್ಟು ಬೇಡ ಅಂದಿತು. ಇದೆಲ್ಲ ತೋಪಿನ ಮದ್ದಿನ ಜಗಳ. ನನಗೆ ಇದರಿಂದ ಎದೆ ಹೊಡೆದುಕೊಳ್ಳುವುದಿಲ್ಲ.

ಗ್ರೀನ್‌ಲ್ಯಾಂಡ್ ಮಾತು ಬೇರೆ. "ಯಾವ ಸದಸ್ಯನ ಮೇಲೆ ದಾಳಿಯಾದರೂ ಎಲ್ಲರ ಮೇಲಾದಂತೆ" ಎಂಬ ಐದನೆಯ ಕಲಮನ್ನು ನ್ಯಾಟೋ ಇಲ್ಲಿಯತನಕ ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ ದಾಳಿಯ ನಂತರ, ಅಮೆರಿಕಾಕ್ಕಾಗಿ. ಆ ಮೇಲಿನ ಅಫ್ಗಾನಿಸ್ತಾನದ ಯುದ್ಧದಲ್ಲಿ ಡೆನ್ಮಾರ್ಕಿನ 40ಕ್ಕೂ ಹೆಚ್ಚು ಸೈನಿಕರು ಸತ್ತರು. ಪುಟ್ಟ ದೇಶಕ್ಕೆ ಅದು ಸಣ್ಣ ಲೆಕ್ಕವಲ್ಲ. ಗ್ರೀನ್‌ಲ್ಯಾಂಡಿನಲ್ಲಿ ಅಮೆರಿಕಾದ ಸೇನಾ ನೆಲೆ 1951ರ ಒಪ್ಪಂದದ ಮೇಲೆ ಇವತ್ತಿಗೂ ಇದೆ, ಯಾರೂ ತೆಗೆ ಅಂದಿಲ್ಲ. ಅಂಥವರ ನೆಲವನ್ನೇ ಟ್ರಂಪ್ 2019ರಲ್ಲಿ ಕೊಳ್ಳುತ್ತೇನೆ ಅಂದ, 2025ರ ಜನವರಿಯಲ್ಲಿ ಸೇನಾಬಲ ಬಳಸುವುದಿಲ್ಲ ಎಂದು ಮಾತು ಕೊಡಲೂ ಒಪ್ಪಲಿಲ್ಲ. ಇದು ಮದ್ದಿನ ಜಗಳವಲ್ಲ, ಬದುವಿನ ಜಗಳ.

"ಗ್ರೀಸ್‌ಗೂ ತುರ್ಕಿಗೂ ಬದುವಿನ ಜಗಳಾನ ಅಲ್ಲೇನು?" ಅಂದ ಗೆಳೆಯ. ಪಾಯಿಂಟು ಖರೆ. 1974ರಲ್ಲಿ ಸೈಪ್ರಸ್ ವಿಷಯಕ್ಕೆ ಎರಡೂ ಹೊಡೆದಾಟದ ಅಂಚಿಗೆ ಬಂದವು, ಗ್ರೀಸ್ ಸಿಟ್ಟಿನಲ್ಲಿ ಸೇನಾ ಕಮಾಂಡ್ ಬಿಟ್ಟು 1980ರಲ್ಲಿ ಮರಳಿತು. ಆದರೆ ಅಲ್ಲಿ ನಡುವೆ ನಿಂತು ಬೈಯುವ, ಬಿಡಿಸುವ ಹಿರಿಯ ಒಬ್ಬನಿದ್ದ. ಈಗ ಆ ಹಿರಿಯನೇ ಕುಡಗೋಲು ಹಿಡಿದು ಬದುವಿನ ಮೇಲೆ ನಿಂತಿದ್ದಾನೆ. ಬಿಡಿಸೋಣ ಎಂದರೆ ಬಿಡಿಸುವವರು ಯಾರು?

ನಮ್ಮ ಅಜ್ಜನದು ನವಲಗುಂದದ ಕಡೆ ಎರಿ ಹೊಲ. ಅವನ ಹತ್ತಿರ ಒಂದೇ ಎತ್ತು, ಬಾಜೂ ಹೊಲದ ಕಾಕಾನ ಹತ್ತಿರ ಒಂದೇ ಎತ್ತು. ಎರಡನ್ನೂ ಜೋಡಿ ಕಟ್ಟಿ ಇಬ್ಬರೂ ಕೂರಿಗೆ ಹೂಡುತ್ತಿದ್ದರು. ಹಿಂಗಾರಿ ಹದ ಬಂತೆಂದರೆ ಜಗಳ ಶುರು: ಮೊದಲು ಯಾರ ಹೊಲ? ನಾನು ಕೇಳಿದ ಬೈಗುಳ ಇಲ್ಲಿ ಬರೆಯಲಾರೆ. ಎತ್ತಿಗೆ ಹಿಂಡಿ ಯಾರು ಹೆಚ್ಚು ಹಾಕಿದರು ಎಂಬುದಕ್ಕೂ ಲೆಕ್ಕ ಆಗುತ್ತಿತ್ತು. ಆದರೂ ಬೆಳಿಗ್ಗೆ ನೊಗ ಕಟ್ಟುವ ಹೊತ್ತಿಗೆ ಎರಡೂ ಎತ್ತು ಅಕ್ಕಪಕ್ಕ. ಹದಿನಾಲ್ಕು ವರ್ಷ ಹಾಗೇ ನಡೆಯಿತು.

ಒಂದು ಬೇಸಿಗೆ ಕಾಕಾ ನೇಗಿಲು ಹೊಡೆಸುವಾಗ ಬದುವನ್ನು ಒಂದು ಮೊಳ ಈ ಕಡೆ ಸರಿಸಿದ. ಅಜ್ಜ ಬೈಯಲಿಲ್ಲ. ಸಂಜೆ ಹೋಗಿ ನೋಡಿ, ಕಾಲಿನಿಂದ ಅಳೆದು, ಮನೆಗೆ ಬಂದು ಉಂಡು ಮಲಗಿದ. ಅಜ್ಜಿ ಹೇಳುತ್ತಿದ್ದಳು, "ಬೈದಿದ್ರ ಚಲೋ ಇತ್ತವ್ವಾ" ಅಂತ. ಆ ಹಿಂಗಾರಿಗೆ ಎರಡೂ ಮನೆಯವರು ಬೇರೆ ಬೇರೆ ಟ್ರ್ಯಾಕ್ಟರ್ ಬಾಡಿಗೆಗೆ ತಂದರು. ಎರಡೂ ಎತ್ತು ತಮ್ಮ ತಮ್ಮ ಗ್ವಾದಲಿಯಲ್ಲಿ ನಿಂತು ಕಣಕಿ ತಿಂದವು.