ಬೆಂಚಿನ ಇನ್ನೊಂದು ತುದಿ

ತರೀಕೆರೆಯ ಹೈಸ್ಕೂಲೊಂದರಲ್ಲಿ ಮೂರು ವರ್ಷ ಓದಿದೆ ಎಂದು ಕಂಡ ಕಂಡ ಅರ್ಜಿಗಳಲ್ಲೆಲ್ಲ ಬರೆದುಕೊಂಡಿದ್ದೇನೆ. ಲೆಕ್ಕ ಹಾಕಿದರೆ ಓದಿದ್ದಕ್ಕಿಂತ ಬೆಂಚು ಹೊತ್ತದ್ದೇ ಹೆಚ್ಚು. ಆಗಸ್ಟ್ 15ಕ್ಕೆ ಬೆಂಚು ಹೊರಗೆ, ಪೆಪ್ಪರಮಿಂಟು ಹಂಚಿ ಮುಗಿದ ಮೇಲೆ ಒಳಗೆ. ಗಣಪತಿ ಕೂರಿಸಲು ಒಂದು ಕೊಠಡಿ ಖಾಲಿಯಾಗಬೇಕು, ಅಲ್ಲಿನ ಬೆಂಚೆಲ್ಲ ಪಕ್ಕದ ಕೊಠಡಿಗೆ. ಗಣಪತಿ ನೀರಿಗೆ ಹೋದ ಮೇಲೆ ಅವೂ ಸ್ವಸ್ಥಾನಕ್ಕೆ. ಶಿಕ್ಷಕರ ದಿನ, ರಾಜ್ಯೋತ್ಸವ, ಮಕ್ಕಳ ದಿನ, ಶಾರದಾ ಪೂಜೆ, ಕೊನೆಗೆ ಕಣ್ಣು ತಪಾಸಣೆಗೆ ವೈದ್ಯರು ಬಂದರೂ ಬೆಂಚು. ಬೆಂಚು ಅಲುಗದೆ ಯಾವ ಸಂಭ್ರಮವೂ ನಮ್ಮ ಶಾಲೆಯೊಳಗೆ ಕಾಲಿಡುತ್ತಿರಲಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಬೀಜಗಣಿತದ ಪಾಠ ಗಂಭೀರವಾಗಿ ನಡೆಯುತ್ತಿರುವಾಗ ಜವಾನ ಬಾಗಿಲಲ್ಲಿ ನಿಂತು, "ಹತ್ತು ಹುಡುಗರು ಬೇಕಂತೆ ಸಾರ್" ಎಂದರೆ ನಲವತ್ತು ಜನ ಎದ್ದು ನಿಲ್ಲುತ್ತಿದ್ದೆವು. ಮೇಷ್ಟ್ರು ಆರಿಸುತ್ತಿದ್ದರು. ಮುಂದಿನ ಸಾಲಿನ ಜಾಣರನ್ನು ಮಾತ್ರ ಎಂದೂ ಕಳಿಸುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಐನೂರು ದಾಟಬಹುದಾದವರ ಬೆನ್ನಿಗೆ ಪೆಟ್ಟಾದರೆ ಶಾಲೆಗೇ ನಷ್ಟವಲ್ಲವೇ? ಹಾಗಾಗಿ ಆ ಪಾಪದವರು ಕಿಟಕಿಯಿಂದ ನಮ್ಮನ್ನು ನೋಡುತ್ತ ಸಮೀಕರಣ ಬಿಡಿಸುತ್ತಿದ್ದರು. ಅವರಲ್ಲಿ ಒಬ್ಬ ಈಗ ದೊಡ್ಡ ಎಂಜಿನಿಯರು. ಸಿಕ್ಕಾಗಲೆಲ್ಲ, "ನನ್ನನ್ನು ಒಂದು ದಿನವೂ ಕರೆಯಲಿಲ್ಲವಲ್ಲ" ಎಂದು ಕೊರಗುತ್ತಾನೆ. ಐನೂರ ಅರುವತ್ತು ಚಿಲ್ಲರೆ ಅಂಕ ಪಡೆದವನ ಬಾಯಲ್ಲಿ ಈ ಮಾತು ಕೇಳುವುದು ನನಗೆ ಬಹಳ ಹಿತ.

ಬೆಂಚು ಎಂದರೆ ಈಗಿನ ಕಬ್ಬಿಣದ ಕಾಲಿನ ಹಗುರ ವಸ್ತುವಲ್ಲ. ಆರಡಿ ಉದ್ದದ ಗಟ್ಟಿ ಕಾಡುಮರ, ಐದು ಜನ ಕೂತು ಕೂತು ಸವೆದು ನುಣುಪಾದ ಹಲಗೆ, ಕೈವಾರದ ಮುಳ್ಳಿನಿಂದ ಕೆತ್ತಿದ ಮೂರು ತಲೆಮಾರಿನ ಇನಿಶಿಯಲ್ಲುಗಳು, ಶಾಯಿ ಕುಡಿದು ಕಪ್ಪಾದ ಬಿರುಕುಗಳು. ಒಬ್ಬನಿಂದ ಹೊರಲು ಆಗದು. ಮೂವರಾದರೆ ಕಾಲಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಇಬ್ಬರೇ ಆಗಬೇಕು, ಆ ಇಬ್ಬರ ಎತ್ತರ ಒಂದೇ ಇರಬೇಕು. ಇಲ್ಲದಿದ್ದರೆ ಭಾರವೆಲ್ಲ ಗಿಡ್ಡನ ಕಡೆಗೆ ಇಳಿಯುತ್ತದೆ.

ಈ ಎತ್ತರದ ನಿಯಮವೇ ನನಗೆ ಈಗ ದೊಡ್ಡದಾಗಿ ಕಾಣುತ್ತದೆ. ಏಕೆಂದರೆ ತರಗತಿಯಲ್ಲಿ ನಾವು ಕೂರುತ್ತಿದ್ದುದು ಕೇರಿಯ ಪ್ರಕಾರ. ಯಾರೂ ಹಾಗೆ ಕೂರಿ ಎಂದಿರಲಿಲ್ಲ, ತಾನಾಗಿಯೇ ಹಾಗೆ ಆಗಿತ್ತು. ಪೇಟೆಯ ಹುಡುಗರು ಒಂದು ಕಡೆ, ಬಸ್ಸಿನಲ್ಲಿ ಹಳ್ಳಿಗಳಿಂದ ಬರುವವರು ಇನ್ನೊಂದು ಕಡೆ, ಅವರಲ್ಲೂ ಮತ್ತೆ ಒಳಪಂಗಡಗಳು. ಮಧ್ಯಾಹ್ನ ನಾವು ಪೇಟೆಯವರು ಮನೆಗೆ ಓಡುತ್ತಿದ್ದೆವು, ಅವರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಹೈಸ್ಕೂಲಿಗೆ ಬಿಸಿಯೂಟ ಬಂದದ್ದು ಎಷ್ಟೋ ವರ್ಷಗಳ ನಂತರ. ಡ್ರಿಲ್ ಮೇಷ್ಟ್ರಿಗೆ ಮಾತ್ರ ಈ ಭೂಗೋಳ ಗೊತ್ತೇ ಇರಲಿಲ್ಲ. ಸಾಲಾಗಿ ನಿಲ್ಲಿಸಿ, ತಲೆಗಳ ಮೇಲೆ ಕೈ ಆಡಿಸಿಕೊಂಡು ಹೋಗಿ, "ನೀನು, ನೀನು, ಒಂದು ಬೆಂಚು" ಎನ್ನುತ್ತಿದ್ದರು. ನನಗೆ ಸಿಕ್ಕಿದವನು ಲಕ್ಕವಳ್ಳಿ ಕಡೆಯಿಂದ ಬರುತ್ತಿದ್ದ ಹುಡುಗ. ಒಂದು ವರ್ಷ ಒಂದೇ ಕೊಠಡಿಯಲ್ಲಿದ್ದರೂ ಮಾತಾಡಿರಲಿಲ್ಲ. ಬೆಂಚಿನ ಎರಡು ತುದಿ ಹಿಡಿದು ಮೈದಾನ ದಾಟುವಷ್ಟರಲ್ಲಿ ಅವನ ಮನೆಯ ಎಮ್ಮೆ ಕರು ಹಾಕಿದ್ದು, ಭದ್ರಾ ಅಣೆಕಟ್ಟಿನ ಗೇಟು ತೆಗೆದಾಗ ನೀರು ಮಾಡುವ ಸದ್ದು, ಅವನಪ್ಪ ಮೇಷ್ಟ್ರ ಕೆಲಸ ಬಿಟ್ಟು ಬೇರೆ ಯಾವ ಕೆಲಸವೂ ಬೇಡ ಎಂದದ್ದು, ಎಲ್ಲ ತಿಳಿಯಿತು. ಎದುರುಬದುರು ಮುಖ ಮಾಡಿ ಹೊರುವ ಕೆಲಸವದು. ಮಾತಾಡದೆ ಇರಲು ಸಾಧ್ಯವಿರಲಿಲ್ಲ. ಒಬ್ಬ ಮುಂದಕ್ಕೆ ನಡೆಯುತ್ತಾನೆ, ಇನ್ನೊಬ್ಬ ಹಿಂದಕ್ಕೆ. ಹಿಂದಕ್ಕೆ ನಡೆಯುವವನಿಗೆ ಕಲ್ಲು, ಮೆಟ್ಟಿಲು, ಸಗಣಿ ಯಾವುದೂ ಕಾಣದು. ಎದುರಿನವನು ಹೇಳಬೇಕು, ಇವನು ನಂಬಬೇಕು.

ಬಾಗಿಲು ಬಂದಾಗ ನಿಜವಾದ ಪರೀಕ್ಷೆ. ನೇರವಾಗಿ ನುಗ್ಗಿಸಿದರೆ ಬೆಂಚಿನ ಕಾಲು ಚೌಕಟ್ಟಿಗೆ ಬಡಿಯುತ್ತದೆ. ಓರೆ ಮಾಡಿ, ಮುಂದಿನ ಕಾಲುಗಳನ್ನು ಮೊದಲು ಒಳಗೆ ಬಿಟ್ಟು, ಅರ್ಧ ಸುತ್ತು ತಿರುಗಿಸಿ, ಆಮೇಲೆ ಹಿಂದಿನ ಕಾಲು. ಈ ವಿದ್ಯೆ ಬಾರದವರು ಹೊಸ್ತಿಲಲ್ಲಿ ಸಿಕ್ಕಿಕೊಂಡು ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು. ನಮ್ಮ ಬೆರಳ ಗೆಣ್ಣುಗಳಲ್ಲಿ ಸದಾ ಒಂದು ತರಚು ಗಾಯ ಇರುತ್ತಿತ್ತು. ಅದನ್ನು ತೋರಿಸಿಕೊಂಡು ಓಡಾಡುವುದು ಒಂದು ದೌಲತ್ತು.

ಆಟೋಟಗಳ ಬಗ್ಗೆ ನಾನು ಹೆಚ್ಚು ಹೇಳಲಾರೆ. ಹೋಬಳಿ ಮಟ್ಟದಲ್ಲಿ ಸೋತು ಬಂದವರ ಪೈಕಿ ನಾನು. ನಮ್ಮ ಹುಡುಗಿಯರ ಖೋ ಖೋ ತಂಡ ಮಾತ್ರ ಜಿಲ್ಲಾ ಮಟ್ಟದವರೆಗೆ ಹೋಗಿತ್ತು, ನಾವು ರಸ್ತೆಯಲ್ಲಿ ನಿಂತು ಅವರ ಟೆಂಪೊಗೆ ಕೈ ಬೀಸಿದ್ದೆವು. ಇನ್ನು ಪ್ರವಾಸ. ಡಿಸೆಂಬರಿನ ಚಳಿಯಲ್ಲಿ ಕೆಂಪು ಬಸ್ಸು ಹತ್ತಿಸಿ ಜೋಗಕ್ಕೆ ಕರೆದುಕೊಂಡು ಹೋದರು. ಮಳೆಗಾಲದ ಜೋಗವನ್ನು ನೋಡಲು ದೊಡ್ಡವರು ಹೋಗುತ್ತಾರೆ. ಡಿಸೆಂಬರಿನ ಜೋಗ ಇರುವುದು ಶಾಲಾ ಮಕ್ಕಳಿಗಾಗಿಯೇ. ಲಿಂಗನಮಕ್ಕಿಯಲ್ಲಿ ನೀರು ನಿಂತಿರುತ್ತದೆ, ಇಲ್ಲಿ 253 ಮೀಟರ್ ಬಂಡೆ ಒಣಗುತ್ತಿರುತ್ತದೆ. ಸಮಾಜ ಮೇಷ್ಟ್ರು ಬೆರಳು ಚಾಚಿ, "ಅದು ರಾಜ, ಅದು ರಾಣಿ, ಅದು ರೋರರ್, ಅದು ರಾಕೆಟ್" ಎಂದು ನಾಲ್ಕು ಕಡೆ ತೋರಿಸಿದರು. ಎರಡು ಕಡೆ ನೂಲೆಳೆಯಷ್ಟು ನೀರಿತ್ತು, ಉಳಿದ ಎರಡನ್ನು ಭಕ್ತಿಯಿಂದ ಕಂಡೆವು. ಬಸ್ಸಿನಲ್ಲಿ ಯಾರು ವಾಂತಿ ಮಾಡಿದರು ಎಂಬುದೇ ಮುಂದಿನ ಒಂದು ತಿಂಗಳ ಚರ್ಚೆಯಾಗಿತ್ತು.

ಹುಡುಗರೂ ಹುಡುಗಿಯರೂ ಮಾತಾಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಆದರೂ ಮಾತಾಡುತ್ತಿರಲಿಲ್ಲ. ಸಮಾರಂಭ ಬಂದರೆ ಬೇರೆ ದಾರಿಯಿಲ್ಲ. ರಂಗೋಲಿ ಅವರದು, ಬೆಂಚು ನಮ್ಮದು, ರಂಗೋಲಿಯ ಮೇಲೆ ಬೆಂಚು ಇಡಬಾರದಲ್ಲ. ಆಗ ಎದುರಾಗುತ್ತಿದ್ದ ಸಮಸ್ಯೆ ಶುದ್ಧ ವ್ಯಾಕರಣದ್ದು. "ನೀನು" ಎಂದರೆ ಸಲಿಗೆಯಾಯಿತು. "ನೀವು" ಎಂದರೆ ಹಿಂದಿನಿಂದ ಯಾರಾದರೂ ನಗುತ್ತಾರೆ. ಕನ್ನಡದ ಕ್ರಿಯಾಪದವಂತೂ ಮಹಾ ಚಾಡಿಕೋರ, ಕರ್ತೃವನ್ನು ನುಂಗಿದರೂ ಬಾಲದಲ್ಲಿ ಅದನ್ನು ಹೇಳಿಬಿಡುತ್ತದೆ. ಬಂದೆಯಾ, ಬಂದಿರಾ, ಎರಡರಲ್ಲಿ ಒಂದನ್ನು ಆರಿಸಲೇಬೇಕು. ನಾವು ಎರಡನ್ನೂ ಬಿಟ್ಟು ಮೂರನೆಯ ದಾರಿ ಕಂಡುಕೊಂಡೆವು. "ಸುಣ್ಣದ ಪುಡಿ ಬೇಕಂತೆ." "ಈ ಕಡೆ ಸ್ವಲ್ಪ ಜಾಗ ಬಿಡಬೇಕಂತೆ." "ಬೀಗದ ಕೈ ಆಫೀಸಿನಲ್ಲಿ ಇದೆಯಂತೆ." ಯಾರು ಹೇಳಿದರು, ಯಾರಿಗೆ ಹೇಳಿದರು ಎಂಬುದಕ್ಕೆ ಸಾಕ್ಷಿಯೇ ಇಲ್ಲ. ಗೋಡೆಯನ್ನು ನೋಡಿಕೊಂಡು ಹೇಳುವುದು, ಗೋಡೆಯಿಂದ ಉತ್ತರ ಪಡೆಯುವುದು. ವ್ಯಾಕರಣದಲ್ಲಿ ನನಗೆ ಬಂದ ಅಂಕಗಳು ಆ ಗೋಡೆಯ ಕೃಪೆ.

ಎಲ್ಲಕ್ಕಿಂತ ದೊಡ್ಡದು ವಾರ್ಷಿಕೋತ್ಸವ. ವೇದಿಕೆ ಎಂಬ ಪ್ರತ್ಯೇಕ ವಸ್ತು ನಮ್ಮಲ್ಲಿ ಇರಲಿಲ್ಲ; ಮೂವತ್ತು ಬೆಂಚುಗಳನ್ನು ಒತ್ತಾಗಿ ಜೋಡಿಸಿ, ಕಾಲಿಗೆ ಕಾಲು ಸೇರಿಸಿ ತೆಂಗಿನ ನಾರಿನ ಹಗ್ಗದಿಂದ ಬಿಗಿದು, ಮೇಲೆ ಜಮಖಾನ ಹಾಸಿದರೆ ಅದೇ ವೇದಿಕೆ. ಭಾಷಣಗಳಿಗೆ ಅದು ಸಾಕು. ಶಾಲೆಗೆ ಬರುವ ಗಣ್ಯರು ಕುಣಿಯುವುದಿಲ್ಲ. ನೃತ್ಯ ಶುರುವಾದರೆ ಹಗ್ಗ ಸಡಿಲಾಗಿ ಬೆಂಚುಗಳು ಒಂದರಿಂದ ಒಂದು ದೂರ ಸರಿಯತೊಡಗುತ್ತವೆ. ಹಿಂದಿನ ವರ್ಷ ಒನಕೆ ಓಬವ್ವನ ಒಂದು ಕಾಲು ಆ ಸಂದಿಯಲ್ಲಿ ಇಳಿದು, ಹೈದರಾಲಿಯ ಸೈನಿಕರೇ ಎತ್ತಬೇಕಾಗಿ ಬಂದಿತ್ತಂತೆ. ಆದ್ದರಿಂದ ಆ ವರ್ಷ ಡ್ರಿಲ್ ಮೇಷ್ಟ್ರು ಹೊಸ ವ್ಯವಸ್ಥೆ ಮಾಡಿದರು: ವೇದಿಕೆಯ ಕೆಳಗೆ ನಾಲ್ಕು ಹುಡುಗರು ಕೂತು ಬೆಂಚಿನ ಕಾಲುಗಳನ್ನು ಒತ್ತಿ ಹಿಡಿದಿರಬೇಕು. ನಾನು, ಲಕ್ಕವಳ್ಳಿಯವನು, ಇನ್ನಿಬ್ಬರು.

ಹಾಗಾಗಿ ಒಂಬತ್ತನೆಯ ತರಗತಿಯ ವಾರ್ಷಿಕೋತ್ಸವವನ್ನು ನಾನು ನೋಡಲಿಲ್ಲ, ಕೇಳಿದೆ. ಬೆನ್ನು ಬಗ್ಗಿಸಿ ಕೂರುವಷ್ಟೂ ಎತ್ತರವಿಲ್ಲದ ಕತ್ತಲು. ಜಮಖಾನದ ತೂತುಗಳಿಂದ ಟ್ಯೂಬ್‌ಲೈಟಿನ ಬೆಳಕು ಅಕ್ಕಿ ಚೆಲ್ಲಿದ ಹಾಗೆ ಬೀಳುತ್ತಿತ್ತು. ಪ್ರತಿ ಹೆಜ್ಜೆಗೂ ತಲೆಯ ಮೇಲೆ ಸೀಮೆಸುಣ್ಣದ ಧೂಳು. ಮೊದಲ ಅರ್ಧ ಗಂಟೆ ಎಲ್ಲ ಒಂದೇ ಗುಡುಗು. ಆಮೇಲೆ ಕಿವಿ ಪಳಗಿತು. ಕೋಲಾಟಕ್ಕೆ ಎಂಟು ಜೊತೆ ಕಾಲು, ಏಳು ತಾಳಕ್ಕೆ ಸರಿಯಾಗಿ ಬೀಳುತ್ತವೆ, ಒಂದು ಮಾತ್ರ ಅರ್ಧ ಕ್ಷಣ ತಡ. ಕಂಸಾಳೆಯಲ್ಲಿ ಹಿಮ್ಮಡಿಯ ಪೆಟ್ಟು ಬೇರೆ, ಮುಂಗಾಲಿನದು ಬೇರೆ. ಮುಖ್ಯೋಪಾಧ್ಯಾಯರು ವರದಿ ಓದುವಾಗ ಬಲಗಾಲನ್ನು ಅಲ್ಲಾಡಿಸುತ್ತಾರೆ ಎಂಬ ರಹಸ್ಯ ಊರಿನಲ್ಲಿ ನಮಗೆ ನಾಲ್ವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ವಂದನಾರ್ಪಣೆ. ಮುಖ್ಯ ಅತಿಥಿಗಳಿಗೆ, ಮೈಕ್ ಸೆಟ್ಟಿನವರಿಗೆ, ಹೂವಿನ ಹಾರ ಕೊಟ್ಟವರಿಗೆ, ಶಾಂತಿ ಕಾಪಾಡಿದ ಪ್ರೇಕ್ಷಕರಿಗೆ. ನಾವು ಕೆಳಗಿನಿಂದ ಕಿವಿ ನಿಮಿರಿಸಿ ಕಾದೆವು. ನಮ್ಮ ಸರದಿ ಬರಲಿಲ್ಲ. ಲಕ್ಕವಳ್ಳಿಯವನು, "ನಾವು ಇಲ್ಲಿರುವುದು ಅವರಿಗೆ ಗೊತ್ತಾಗಿದ್ದರೆ ಕಾರ್ಯಕ್ರಮ ಕೆಟ್ಟಿದೆ ಎಂದು ಅರ್ಥ" ಎಂದ. ಹದಿನಾಲ್ಕು ವರ್ಷದವನು ಆಡುವ ಮಾತೇ ಅದು?

ಕೋಲಾಟದ ನಡುವೆ ಸಂದಿಯಿಂದ ಒಂದು ಗೆಜ್ಜೆ ನನ್ನ ಮಡಿಲಿಗೆ ಬಿದ್ದಿತ್ತು. ಒಂದೇ ಒಂದು ಹಿತ್ತಾಳೆಯ ಕಾಳು, ಕಡಲೆಗಿಂತ ಸ್ವಲ್ಪ ದೊಡ್ಡದು. ಅದನ್ನು ಜೇಬಿನಲ್ಲಿಟ್ಟುಕೊಂಡು ಇಡೀ ರಾತ್ರಿ ನಾನು ಏನೇನು ಯೋಚಿಸಿದೆ ಎಂಬುದು ಇಲ್ಲಿ ಬೇಡ. ಮರುದಿನ ಬೆಂಚುಗಳನ್ನು ಒಳಗೆ ಹೊರುವ ಗದ್ದಲದಲ್ಲಿ ಧೈರ್ಯ ಮಾಡಿ, ಕೋಲಾಟದ ತಂಡದ ಮುಂದಾಳು ನಿಂತಿದ್ದ ಕಡೆಯ ಗೋಡೆಗೆ, "ಇದು ಕೆಳಗೆ ಬಿದ್ದಿತ್ತಂತೆ" ಎಂದೆ. ಆಕೆ ಗೋಡೆಯನ್ನು ನೋಡಲಿಲ್ಲ. ನೇರ ನನ್ನನ್ನೇ ನೋಡಿ, ಗೆಜ್ಜೆಯನ್ನು ಎತ್ತಿಕೊಂಡು, "ಬಾಡಿಗೆ ಗೆಜ್ಜೆ ಇದು. ಒಂದು ಕಡಿಮೆಯಾದರೆ ಅಂಗಡಿಯವನು ಎರಡು ರೂಪಾಯಿ ಹಿಡಿಯುತ್ತಾನೆ. ನಿನ್ನೆಯೇ ಕೊಡಬೇಕೆಂದು ಗೊತ್ತಾಗಲಿಲ್ಲವೇ ನಿನಗೆ?" ಎಂದಳು. ಮೂರು ವರ್ಷದಲ್ಲಿ ಒಬ್ಬ ಹುಡುಗಿ ನನ್ನನ್ನು "ನೀನು" ಎಂದದ್ದು ಅದೊಂದೇ ಸಲ.

ಈಗ ಕಾಲ ಬೇರೆ. 2006–07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ಹಳ್ಳಿಯ ಮಕ್ಕಳು ಸಾಲುಗಟ್ಟಿ ಬರುವ ದೃಶ್ಯವೇ ಬೇರೆಯಾಯಿತು. 2013ರ ಆಗಸ್ಟ್‌ನಿಂದ ಹಾಲು ಬಂತು, ಲೋಟ ತೊಳೆಯುವ ನಲ್ಲಿಯ ಬಳಿ ಒಂದು ಹೊಸ ಕಟ್ಟೆ ಪುರಾಣ ಶುರುವಾಯಿತು. ಪ್ರತಿಭಾ ಕಾರಂಜಿಯಲ್ಲಿ ಆಶುಭಾಷಣ, ಛದ್ಮವೇಷದ ಜೊತೆಗೆ ಕವ್ವಾಲಿಯೂ ಇದೆ. ನಮ್ಮ ತಂಗಿಯ ಮಗಳು ಕವ್ವಾಲಿ ತಂಡದಲ್ಲಿ ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪು ಮಾಡಿಕೊಂಡು ಬಂದಿದ್ದಳು. ಇವೆಲ್ಲ ಒಳ್ಳೆಯದೇ. ಬೇಸರವೆಂದರೆ ಪ್ಲಾಸ್ಟಿಕ್ ಕುರ್ಚಿ ಒಂದೇ. ಶಾಮಿಯಾನದವನು ಲಾರಿಯಲ್ಲಿ ತಂದು ಸುರಿಯುತ್ತಾನೆ. ಐದು ಕುರ್ಚಿಯನ್ನು ಒಬ್ಬನೇ ತಲೆಯ ಮೇಲೆ ಹೊತ್ತು ಹೋಗಬಹುದು, ಯಾರ ಜೊತೆಗೂ ಮಾತಾಡಬೇಕಾಗಿಲ್ಲ.

ಕಳೆದ ಜನವರಿಯಲ್ಲಿ ಅದೇ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಅಲ್ಲೇ ಒಂಬತ್ತನೆಯ ತರಗತಿಯಲ್ಲಿರುವ ಸೊಸೆಯ ನೃತ್ಯವಿತ್ತು. ಕಬ್ಬಿಣದ ಬಾಡಿಗೆ ವೇದಿಕೆ, ಬೋಲ್ಟು ಹಾಕಿ ಬಿಗಿದದ್ದು, ಆನೆ ಕುಣಿದರೂ ಅಲುಗದು. ಎರಡನೆಯ ಸಾಲಿನಲ್ಲಿ ಕುರ್ಚಿ ಕೊಟ್ಟಿದ್ದರು. ಭಾಷಣಗಳು ಉದ್ದವಾದಾಗ ಕಾಲು ಹಿಡಿದಂತಾಗಿ ಎದ್ದು ವೇದಿಕೆಯ ಹಿಂಬದಿಗೆ ಹೋದೆ. ಪರದೆಯ ತುದಿ ಎತ್ತಿದರೆ ಕೆಳಗೆ ಕಂಬಿಗಳ ನಡುವೆ ಒಬ್ಬ ಹುಡುಗ ಕೂತಿದ್ದ. ಕೈಯಲ್ಲಿ ಎಕ್ಸ್‌ಟೆನ್ಷನ್ ಬೋರ್ಡು, ಅದಕ್ಕೆ ಚುಚ್ಚಿದ್ದ ಪ್ಲಗ್ಗನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ.

"ಇಲ್ಲೇನು ಮಾಡುತ್ತಿದ್ದೀಯಪ್ಪ?"

"ಪ್ಲಗ್ಗು ಸಡಿಲ ಸಾರ್. ಕೈ ಬಿಟ್ಟರೆ ಹಾಡು ನಿಂತುಹೋಗುತ್ತದೆ."

"ಎಷ್ಟು ಹೊತ್ತಿನಿಂದ?"

"ಪ್ರಾರ್ಥನೆಯಿಂದ ಸಾರ್. ಇನ್ನೊಬ್ಬ ಇದ್ದ, ಅವನ ನಾಟಕ ಬಂತು, ಹೋದ." ಸ್ವಲ್ಪ ತಡೆದು ಕೇಳಿದ: "ನೀವು ಒಂದು ಐದು ನಿಮಿಷ ಹಿಡಿದುಕೊಳ್ಳುತ್ತೀರಾ ಸಾರ್? ನೀರು ಕುಡಿದು ಬರುತ್ತೇನೆ."

ಇಸ್ತ್ರಿ ಮಾಡಿದ ಪ್ಯಾಂಟನ್ನು ಲೆಕ್ಕಿಸದೆ ಒಳಗೆ ನುಸುಳಿದೆ. ಅವನು ನೀರು ಕುಡಿಯಲು ಹೋದವನು ಬಂದದ್ದು ನಲವತ್ತು ನಿಮಿಷದ ನಂತರ, ಬಾಯಲ್ಲಿ ಬೋಂಡ ಇತ್ತು. ನನಗೂ ಒಂದು ತಂದಿದ್ದ.

ಮನೆಗೆ ಬರುವಾಗ ದಾರಿಯಲ್ಲಿ ಸೊಸೆ, "ನನ್ನ ಡ್ಯಾನ್ಸು ಹೇಗಿತ್ತು ಮಾವ?" ಎಂದು ಕೇಳಿದಳು.

"ಚೆನ್ನಾಗಿತ್ತು. ಎರಡನೆಯ ಚರಣದಲ್ಲಿ ನಿನ್ನ ಎಡಗಾಲು ಎರಡು ಸಲ ತಡವಾಗಿ ಬಿತ್ತು."

ಅವಳು ನಿಂತುಬಿಟ್ಟಳು. "ನೀವು ಕುರ್ಚಿಯಲ್ಲೇ ಇರಲಿಲ್ಲ. ನಾನು ಮೇಲಿನಿಂದ ನೋಡಿದೆ."