ಗಜನಿ ಗದ್ದೆ ಪಾಳುಭೂಮಿಯಲ್ಲ: ಒಂದು ಸ್ಪಷ್ಟನೆ

"ಕುಮಟಾ ಕಡೆಯ ಗಜನಿಗಳು ಉಪ್ಪುನೀರಿನ ಪಾಳುಭೂಮಿ. ಕಗ್ಗ ಭತ್ತದ ಇಳುವರಿ ಕಡಿಮೆ, ವರ್ಷವಿಡೀ ಸಿಗಡಿ ಕೆರೆ ಮಾಡುವುದೇ ಲಾಭ" ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಗಜನಿ ಎಂದರೆ ನದಿ ಕಡಲು ಸೇರುವ ಅಳಿವೆಯ ಅಂಚಿನ, ಉಪ್ಪುನೀರು ಬರುವ ತಗ್ಗು ಗದ್ದೆ; ಕಗ್ಗ ಎಂದರೆ ಅಲ್ಲಿ ಬೆಳೆಯುವ, ಉಪ್ಪು ತಾಳುವ ಭತ್ತದ ತಳಿ. ಇಳುವರಿಯ ಮಾತು ನಿಜ, ಉಳಿದದ್ದು ತಪ್ಪು.

ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಗಜನಿಯಲ್ಲಿ ಒಂದೇ ನೆಲ ಎರಡು ಫಸಲು ಕೊಡುತ್ತದೆ. ಮಳೆಗಾಲ ಹಿಡಿದ ಮೇಲೆ ಇಳಿತದಲ್ಲಿ (ಕಡಲ ನೀರು ಇಳಿಯುವಾಗ) ಕಟ್ಟೆಯ ಹಲಗೆಬಾಗಿಲು ತೆಗೆದು, ಭರತದಲ್ಲಿ (ನೀರು ಏರುವಾಗ) ಮುಚ್ಚುತ್ತಾರೆ. ಮಳೆನೀರು ಉಪ್ಪನ್ನು ತೊಳೆದುಕೊಂಡು ಹೊರಗೆ ಹೋಗುತ್ತದೆ. ಆಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ. ಮಳೆ ತಡವಾದರೆ ಮಾತ್ರ ಉಪ್ಪು ಉಳಿದು ಸಸಿ ಸುಡುತ್ತದೆ.

ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಉದ್ದ ಹುಲ್ಲನ್ನು ಗದ್ದೆಯಲ್ಲೇ ಬಿಡುವುದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಆ ಹುಲ್ಲು ಕೊಳೆತು ಸಿಗಡಿ, ಮೀನುಮರಿಗಳಿಗೆ ಮೇವಾಗುತ್ತದೆ. ಆಗ ಬಾಗಿಲಿನ ಲೆಕ್ಕ ತಿರುಗುಮುರುಗು: ಭರತದ ನೀರಿನೊಡನೆ ಮರಿಗಳನ್ನು ಒಳಗೆ ಬಿಟ್ಟು, ಬೆಳೆದ ಮೇಲೆ ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಚಳಿಗಾಲದ ವಲಸೆ ಹಕ್ಕಿಗಳಿಗೂ ಇಲ್ಲೇ ಊಟ. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಮಾನ್ಯತೆ, ಸಿಕ್ಕಿದೆ. ಪಾಳುಭೂಮಿಗೆ ಅದನ್ನು ಯಾರೂ ಕೊಡುವುದಿಲ್ಲ.

ಕೆರೆಗಾಗಿ ಆಳ ತೋಡಿ ವರ್ಷವಿಡೀ ಉಪ್ಪುನೀರು ನಿಲ್ಲಿಸಿದರೆ ಭತ್ತಕ್ಕೆ ಜಾಗವಿಲ್ಲ, ಮೇವಿನ ಹುಲ್ಲೂ ಇಲ್ಲ. ಒತ್ತೊತ್ತಾಗಿ ಸಾಕಿದ ಸಿಗಡಿಗೆ ಬಿಳಿಚುಕ್ಕೆ ರೋಗ ತಗುಲಿದರೆ ಇಡೀ ಕೆರೆ ಕೆಲವೇ ದಿನಗಳಲ್ಲಿ ಖಾಲಿ. ಇನ್ನು ಕಟ್ಟೆ ಒಬ್ಬರದ್ದಲ್ಲ. ಏಡಿ ಕೊರೆದ ಬಿಲವನ್ನು ಒಬ್ಬರು ಮುಚ್ಚದೆ ಬಿಟ್ಟರೂ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ.